ಮುಂಗುರುಳು ಯಾವಾಗ ತಪ್ಪಾಯಿತು?

ಬೇಗೂರಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನಡೆದ ಮಾತು. ತಂಗಿಯ ಮಗಳು ಕನ್ನಡಿಯ ಮುಂದೆ ನಿಂತು, 'ನೋಡಿ ನಾನಿ, ಎಷ್ಟು ಫ್ರಿಜ್ ಆಗಿದೆ' ಎಂದು ಗೋಳಿಟ್ಟಳು. ಅಡುಗೆಮನೆಯಲ್ಲಿದ್ದ ಅಮ್ಮಿಗೆ ಅದು ಬೇರೆಯೇ ಆಗಿ ಕೇಳಿಸಿತು. 'ಫ್ರಿಜ್ಜಿಗೆ ಏನಾಯಿತು ಬೇಟಿ? ನಿನ್ನೆ ತಾನೇ ಒರೆಸಿದ್ದೆನಲ್ಲ' ಎನ್ನುತ್ತ ಕೈ ಒರೆಸಿಕೊಂಡು ಹೊರಗೆ ಬಂದರು. ಮನೆಯವರೆಲ್ಲ ನಕ್ಕೆವು. ನಕ್ಕು ಮರೆತುಬಿಡಬಹುದಿತ್ತು. ಆದರೆ ಆ ಹುಡುಗಿ ನಗಲಿಲ್ಲ.

ಅವಳ ನಿಕಾಹ್‌ಗೆ ಆಗ ಎರಡು ತಿಂಗಳು ಬಾಕಿಯಿತ್ತು. ಹುಡುಗಿ ನೋಡಲು ಬಂದಿದ್ದ ಹೆಂಗಸರಲ್ಲಿ ಒಬ್ಬರು, ಬಹಳ ನಯವಾಗಿಯೇ, 'ಹುಡುಗಿ ಚೆನ್ನಾಗಿದ್ದಾಳೆ, ಕೂದಲೊಂದು ಸ್ವಲ್ಪ ನೀಟಾಗಿದ್ದಿದ್ದರೆ...' ಎಂದು ಅರ್ಧಕ್ಕೇ ನಿಲ್ಲಿಸಿ ಹೋಗಿದ್ದರು. ಅವರು ಹೋದರು, ಆ ಅರ್ಧ ವಾಕ್ಯ ನಮ್ಮ ಮನೆಯಲ್ಲೇ ಉಳಿಯಿತು. ಸೊಂಟದವರೆಗೆ ಇಳಿಯುವ, ಹುಟ್ಟಿನಿಂದಲೇ ಅಲೆಅಲೆಯಾದ ಕೂದಲು ಅವಳದು. ನಮ್ಮದೂ ಅದೇ, ಅಮ್ಮಿಯದೂ ಅದೇ. ಮಳೆಗಾಲ ಬಂತೆಂದರೆ ಅದು ಉಬ್ಬುತ್ತದೆ, ಹಣೆಯ ಸುತ್ತ ಎಳೆಎಳೆಯಾಗಿ ಎದ್ದು ನಿಲ್ಲುತ್ತದೆ. ಸಲೂನಿನವರು ಇದಕ್ಕೆ ಒಂದು 'ಟ್ರೀಟ್‌ಮೆಂಟ್' ಸೂಚಿಸಿದ್ದರು. ಕೆರಾಟಿನ್ ಎಂದು ಅದರ ಹೆಸರು. ಟ್ರೀಟ್‌ಮೆಂಟ್ ಎಂದರೆ ಚಿಕಿತ್ಸೆ. ಚಿಕಿತ್ಸೆ ಇದ್ದ ಮೇಲೆ ರೋಗವೂ ಇರಬೇಕಲ್ಲವೇ? ಆ ರೋಗಕ್ಕೆ ಹೆಸರಿಟ್ಟವರು ಯಾರು? ಕೂದಲನ್ನು ಆರೈಕೆ ಮಾಡುವುದು ಎಂದರೇನು, ಅದನ್ನು ತಿದ್ದುವುದು ಎಂದರೇನು? ಇವೆರಡನ್ನು ನಾವು ಬಹಳ ದಿನಗಳಿಂದ ಒಂದೇ ಎಂದು ತಿಳಿದಿದ್ದೇವೆ. ಹಾಗಲ್ಲ ಎಂದು ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಭಾಷೆಯನ್ನೇ ವಿಚಾರಿಸೋಣ. 'ಫ್ರಿಜ್' ಎಂಬುದಕ್ಕೆ ಸರಿಸಮನಾದ ಕನ್ನಡ ಪದ ನಮಗೆ ಸಿಗಲಿಲ್ಲ. ಸಿಕ್ಕಿದ್ದು ಅದರ ವಿರುದ್ಧವಾದದ್ದು. ಹಣೆಯ ಮೇಲೆ ಎದ್ದು ನಿಲ್ಲುವ ಚಿಕ್ಕ ಸುರುಳಿಗಳಿಗೆ ಕನ್ನಡದಲ್ಲಿ 'ಮುಂಗುರುಳು' ಎಂಬ ಮುದ್ದಾದ ಹೆಸರಿದೆ. ಕುರುಳು, ಗುಂಗುರು, ಅಳಕ, ಕುಂತಳ ಎಲ್ಲವೂ ಹೊಗಳಿಕೆಯ ಮಾತುಗಳೇ. ಕೂದಲು ಎಂಬ ಅರ್ಥವುಳ್ಳ 'ಕುಂತಳ' ಪದವೇ ಒಂದು ಕಾಲದಲ್ಲಿ ಈ ಕನ್ನಡ ನೆಲದ ಒಂದು ದೊಡ್ಡ ಭಾಗಕ್ಕೆ ಹೆಸರಾಗಿತ್ತು. 12ನೆಯ ಶತಮಾನದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿದವರಿಗೆ ಗೊತ್ತು, ಹೊಯ್ಸಳ ಶಿಲ್ಪಿ ಬಳಪದ ಕಲ್ಲಿನಲ್ಲಿ ಕೇಶಾಲಂಕಾರಕ್ಕಾಗಿ ಎಷ್ಟು ಶ್ರಮಪಟ್ಟಿದ್ದಾನೆಂದು. ಕೂದಲ ಅಲೆ ಅವನಿಗೆ ಅಳಿಸಿ ಹಾಕಬೇಕಾದ ದೋಷವಾಗಿರಲಿಲ್ಲ, ಕೈಚಳಕ ತೋರಿಸುವ ಅವಕಾಶವಾಗಿತ್ತು.

ನಾವು ಕಲಿತ ಇನ್ನೊಂದು ಭಾಷೆಯಾದ ಉರ್ದುವಿನ ಕಥೆಯೂ ಇದೇ. ಜುಲ್ಫ್, ಗೇಸು, ಕಾಕುಲ್ ಎಂದು ಕೂದಲಿಗೆ ಹೆಸರುಗಳು ಒಂದೆರಡಲ್ಲ. ಗಜಲ್ ಕಾವ್ಯದಿಂದ ಜುಲ್ಫ್ ಪದವನ್ನು ತೆಗೆದುಬಿಟ್ಟರೆ ಅರ್ಧ ದಿವಾನುಗಳು ಖಾಲಿಯಾದಾವು. ಆ ಕಾವ್ಯದಲ್ಲಿ ನೇರವಾದ ಕೂದಲಿಗೆ ಬೆಲೆಯಿಲ್ಲ. ಬಾಗು ಬೇಕು, ತಿರುವು ಬೇಕು, ಪ್ರೇಮಿ ಸಿಕ್ಕಿಬೀಳುವುದಕ್ಕೆ ಬಲೆ ಬೇಕು. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ 'ಪರೇಶಾನ್' ಎಂಬ ಮಾತು. ಮನೆಯಲ್ಲಿ ಅದನ್ನು ಚಿಂತೆಗೀಡಾದವರಿಗೆ ಹೇಳುತ್ತೇವೆ. ಆದರೆ ಪಾರಸಿಯಲ್ಲಿ ಅದರ ಮೂಲಾರ್ಥ ಚದುರಿದ್ದು, ಹರಡಿದ್ದು. ಕಾವ್ಯದಲ್ಲಿ ಕೂದಲು ಪರೇಶಾನ್ ಆದರೆ ಅದು ಚೆಲುವು. ಕಂಗೆಡುವವನು ನೋಡುವವನು, ಕೂದಲಿನ ಒಡತಿಯಲ್ಲ. ಈಗ ಅದು ತಿರುಗುಮುರುಗಾಗಿದೆ. ಕೂದಲು ಚದುರಿದರೆ ಕಂಗೆಡುವವಳು ಕನ್ನಡಿಯ ಮುಂದೆ ನಿಂತ ಹುಡುಗಿ.

ಹಾಗಾದರೆ ಎಲ್ಲ ತಪ್ಪೂ ಜಾಹೀರಾತಿನದೇ ಎಂದು ಕೈತೊಳೆದುಕೊಳ್ಳಲು ನಾವು ಹೊರಟಿದ್ದೆವು. ಆ ಹುಡುಗಿ ಬಿಡಲಿಲ್ಲ. ಹಲವು ವರ್ಷಗಳ ಹಿಂದೆ ನಾವು ಬರೆದ ಒಂದು ಕಥೆಯಲ್ಲಿ ತಲಾಕ್ ಆಗಿ ತವರಿಗೆ ಬಂದ ಹೆಣ್ಣೊಬ್ಬಳಿದ್ದಾಳೆ. ಅವಳು ಬಾಗಿಲಲ್ಲಿ ನಿಲ್ಲುವ ದೃಶ್ಯದಲ್ಲಿ ನಾವು ಮೊದಲು ಬರೆದದ್ದೇ 'ಕೆದರಿದ ಕೂದಲು' ಎಂದು. ಅದನ್ನು ಓದಿದ್ದ ಹುಡುಗಿ ಕೇಳಿದಳು: 'ಖಾಲಾ, ಅವಳ ಕೂದಲು ನನ್ನ ಕೂದಲಿನಂಥದ್ದೇ ಇದ್ದಿರಬಹುದಲ್ಲ? ಬಸ್ಸಿನಲ್ಲಿ ಬಂದಿದ್ದಾಳೆ, ಗಾಳಿಗೆ ಹಾಗಾಗಿರುತ್ತದೆ. ಅದರಿಂದ ಅವಳ ಬದುಕು ಹಾಳಾಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು?'

ಉತ್ತರ ನಮ್ಮಲ್ಲಿರಲಿಲ್ಲ. ಆಮೇಲೆ ನೆನಪಿಸಿಕೊಂಡು ನೋಡಿದೆವು. ನಮ್ಮದೊಂದೇ ಅಲ್ಲ, ನಮ್ಮ ಪೀಳಿಗೆಯ ಎಷ್ಟೋ ಕಥೆಗಳಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯವಳು ಸಂಭಾವಿತೆ, ಕೂದಲು ಹರಡಿಕೊಂಡವಳು ಹುಚ್ಚಿ, ಇಲ್ಲವೇ ದುಃಖಿ, ಇಲ್ಲವೇ ಹದ್ದುಮೀರಿದವಳು. ಚಲನಚಿತ್ರಗಳಂತೂ ಹೇಳುವುದೇ ಬೇಡ, ದೆವ್ವಕ್ಕೂ ಬಿಚ್ಚುಗೂದಲೇ ಬೇಕು. ಹೆಣ್ಣಿನ ಕೂದಲನ್ನು ನಾವು ಯಾವಾಗಲೂ ಒಂದು ಸಂಕೇತವಾಗಿಯೇ ಓದಿದ್ದೇವೆ. ದ್ರೌಪದಿಯ ಬಿಚ್ಚಿದ ಮುಡಿ ಪ್ರತಿಜ್ಞೆಯ ಸಂಕೇತ. ಅಕ್ಕಮಹಾದೇವಿಯ ಕೂದಲು ವೈರಾಗ್ಯದ ಹೊದಿಕೆ. ಆದರೂ ಅಕ್ಕನ ಪ್ರಸಂಗದಲ್ಲಿ ಒಂದು ನ್ಯಾಯವಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆ ಕೂದಲಿನ ಬಗ್ಗೆ ಅವಳನ್ನೇ ನೇರವಾಗಿ ಕೇಳುತ್ತಾನೆ, ಅವಳು ತನ್ನ ಕಾರಣವನ್ನು ತಾನೇ ಹೇಳುತ್ತಾಳೆ. ನಮ್ಮ ಕಥೆಯ ಹೆಣ್ಣನ್ನು ನಾವು ಒಂದು ಮಾತೂ ಕೇಳಲಿಲ್ಲ. ಜಾಹೀರಾತಿನವರು ಬಂದು 'ಕೆದರಿದ ಕೂದಲು ಸೋಲಿನ ಗುರುತು' ಎಂದು ಹೇಳುವ ಹೊತ್ತಿಗೆ, ನಾವು ಕಥೆಗಾರರು ಆ ನೆಲವನ್ನು ಹದಮಾಡಿಯೇ ಇಟ್ಟಿದ್ದೆವು.

ಮಾರುಕಟ್ಟೆ ಹೇಗೆ ಬಂತು ಎಂಬುದನ್ನೂ ನೋಡಬೇಕು. 'ಶಾಂಪೂ' ಎಂಬ ಪದ ನಮ್ಮ ಕಡೆಯ 'ಚಂಪಿ'ಯ ನೆಂಟ. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ನಡೆಸಿ, 1822ರಲ್ಲಿ ಆ ವಿದ್ಯೆಯ ಮೇಲೆ ಪುಸ್ತಕವನ್ನೂ ಬರೆದ. ಅಲ್ಲಿನ ದೊರೆಗಳಿಗೂ ಈತನೇ ಶಾಂಪೂ ವೈದ್ಯನಾದ. ಆಗ ಆ ಮಾತಿಗೆ ಕೈಯಿಂದ ತೀಡುವುದು, ಒತ್ತುವುದು ಎಂದೇ ಅರ್ಥ. ಹೋದದ್ದು ಕೈಯ ಕೆಲಸ, ನೂರೈವತ್ತು ವರ್ಷ ಕಳೆದು ನಮಗೆ ಮರಳಿ ಬಂದದ್ದು ನೊರೆಯ ಬಾಟಲಿ. 1980ರ ದಶಕದಲ್ಲಿ ತಮಿಳುನಾಡಿನಿಂದ ಹೊರಟ ಸ್ಯಾಶೆ ಶಾಂಪೂ ಆ ಬಾಟಲಿಯನ್ನೂ ಸಣ್ಣದು ಮಾಡಿ ಬಡವರ ಗೂಡಂಗಡಿಗೆ ತಂದಿತು. ಇದನ್ನು ಹಳಿಯುವುದು ಸರಿಯಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗೆ ಬೆಳಿಗ್ಗೆಯೇ ಓಡುವ ಹೆಂಗಸಿಗೆ ಸೀಗೆಕಾಯಿ ಕುಟ್ಟಿ ಸೋಸುವ ಪುರುಸೊತ್ತು ಎಲ್ಲಿದೆ?

ಹಳಿಯಬೇಕಾದದ್ದು ಪೊಟ್ಟಣವನ್ನಲ್ಲ, ಅದರ ಮೇಲಿನ ಚಿತ್ರವನ್ನು. 1996ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತ ಸಂಘ, ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅಂದಿನ ಚರ್ಚೆಯೆಲ್ಲ ಹೆಚ್ಚಾಗಿ ಬಟ್ಟೆಯ ಸುತ್ತಲೇ ಗಿರಕಿ ಹೊಡೆಯಿತು. ಆದರೆ ನಂತರದ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಂದದ್ದು ಈಜುಡುಗೆಯಲ್ಲ, ಗಾಜಿನ ಹಾಳೆಯಂತೆ ಇಳಿಬಿದ್ದ ನೇರ ಕೂದಲು. ಜಾಹೀರಾತಿನ ಕಥೆ ಯಾವಾಗಲೂ ಒಂದೇ ಕ್ರಮದ್ದು. ಮೊದಲ ಚಿತ್ರದಲ್ಲಿ ಉಬ್ಬಿದ ಕೂದಲಿನ ಹುಡುಗಿ, ಮುಖ ಬಾಡಿದೆ, ಗೆಳತಿಯರು ದೂರ. ಎರಡನೆಯದರಲ್ಲಿ ಕೂದಲು ನೆಟ್ಟಗಾಗಿದೆ, ಕೆಲಸ ಸಿಕ್ಕಿದೆ, ಗಂಡೂ ಸಿಕ್ಕಿದ್ದಾನೆ. 'ಹತೋಟಿ', 'ಶಿಸ್ತು', 'ಪಳಗಿಸು' ಎಂಬ ಮಾತುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಇವು ಕೂದಲಿಗೆ ಆಡುವ ಮಾತುಗಳೋ, ಹುಡುಗಿಗೆ ಆಡುವ ಮಾತುಗಳೋ ಓದುಗರೇ ಯೋಚಿಸಲಿ.

ಸರಿ, ಕೂದಲು ಉಬ್ಬುವುದು ಯಾಕೆ? ಕೂದಲ ಎಳೆಯ ಹೊರಮೈಯಲ್ಲಿ ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದ ಸಣ್ಣ ಹುರುಪೆಗಳಿವೆ. ಹೆಂಚು ಸರಿಯಾಗಿ ಕೂತಿದ್ದರೆ ಮೈ ನುಣುಪು. ಬಿಸಿಯಿಂದ, ಒರಟು ಉಜ್ಜಾಟದಿಂದ, ರಾಸಾಯನಿಕದಿಂದ ಹೆಂಚು ಎದ್ದರೆ ಗಾಳಿಯ ತೇವ ಒಳಗೆ ನುಗ್ಗುತ್ತದೆ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಟ್ಟ ಕೊಂಡಿಗಳಲ್ಲಿ ಎರಡು ಮುಖ್ಯ. ಗಂಧಕದ ಕೊಂಡಿ ಗಟ್ಟಿ, ನೀರಿಗೆ ಜಗ್ಗದು. ಜಲಜನಕದ ಕೊಂಡಿ ಮೆದು, ನೀರು ಸೋಕಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಹೊಸ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ಇಸ್ತ್ರಿ ಮಾಡಿಸಿಕೊಂಡ ನೇರ ಕೂದಲು ಮಳೆಯ ದಿನ ಸಂಜೆಯೊಳಗೆ ಮತ್ತೆ ಅಲೆಯಾಗುವುದು ಈ ಕಾರಣಕ್ಕೆ.

1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಸ್ಯೂರ್ ಗಾಳಿಯ ತೇವವನ್ನು ಅಳೆಯುವ ಉಪಕರಣವೊಂದರ ವಿವರ ಪ್ರಕಟಿಸಿದ. ಅದರ ಹೃದಯವೇ ಮನುಷ್ಯರ ಕೂದಲ ಎಳೆ. ತೇವ ಹೆಚ್ಚಿದರೆ ಎಳೆ ತುಸು ಉದ್ದವಾಗುತ್ತದೆ, ಒಣಹವೆಗೆ ಕುಗ್ಗುತ್ತದೆ, ಅದಕ್ಕೆ ಸಿಕ್ಕಿಸಿದ ಮುಳ್ಳು ತಿರುಗುತ್ತದೆ. ಉದ್ದದಲ್ಲಿ ನೂರಕ್ಕೆ ಎರಡರ ಆಸುಪಾಸಿನ ವ್ಯತ್ಯಾಸವಷ್ಟೇ, ಆದರೂ ಹವಾಮಾನ ಕೇಂದ್ರಗಳು ಬಹುಕಾಲ ಇದನ್ನೇ ನಂಬಿದ್ದವು. ಅಂದರೆ ಜೂನ್ ತಿಂಗಳಲ್ಲಿ ಬೇಗೂರಿನ ಹುಡುಗಿಯ ಕೂದಲು ಉಬ್ಬಿದರೆ ಅದು ಕೆಟ್ಟಿಲ್ಲ. ಮಳೆ ಬರುತ್ತಿದೆ ಎಂದು ಸರಿಯಾಗಿಯೇ ಹೇಳುತ್ತಿದೆ.

ಇದರರ್ಥ ಏನೂ ಮಾಡಬೇಕಿಲ್ಲ ಎಂದಲ್ಲ. ಉದ್ದನೆಯ ಅಲೆ ಕೂದಲಿಗೆ ನಿಜವಾದ ಕಷ್ಟಗಳಿವೆ. ನೆತ್ತಿಯಲ್ಲಿ ಒಸರುವ ಎಣ್ಣೆ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗೆ ಇಳಿಯುತ್ತದೆ, ಅಲೆಯ ತಿರುವುಗಳಲ್ಲಿ ತಡೆಯುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಒಣ. ಸೊಂಟದವರೆಗಿನ ಕೂದಲಿನ ತುದಿಗೆ ಹಲವು ವರ್ಷಗಳ ವಯಸ್ಸು. ಅಷ್ಟು ವರ್ಷಗಳ ಬಿಸಿಲು, ಬಾಚಣಿಗೆ, ದಿಂಬಿನ ಉಜ್ಜಾಟವನ್ನು ಅದು ತಿಂದಿರುತ್ತದೆ. ಇದಕ್ಕೆ ಬೇಕಾದದ್ದು ಆರೈಕೆ, ಶಿಕ್ಷೆಯಲ್ಲ. ಆರೈಕೆಯ ವಿಷಯದಲ್ಲಿ ಅಮ್ಮಿಯ ಪದ್ಧತಿಗಳನ್ನು ಕಣ್ಣುಮುಚ್ಚಿ ಒಪ್ಪುವುದೂ ಬೇಡ, ಹಳೆಯದೆಂದು ಎಸೆಯುವುದೂ ಬೇಡ. ಒಂದೊಂದನ್ನೇ ಒರೆಗೆ ಹಚ್ಚಿ ನೋಡೋಣ.

ಮೊದಲು ನೀರು. ಬೆಂಗಳೂರು ಎಂಬ ಹೆಸರು ಕಾಣಿಸುವ ಹಳೆಯ ಶಾಸನ ಸಿಕ್ಕಿದ್ದು ನಮ್ಮ ಬೇಗೂರಿನಲ್ಲೇ, ನಾಗೇಶ್ವರ ದೇವಾಲಯದ ಆವರಣದಲ್ಲಿ. ಕ್ರಿ.ಶ. 890ರ ಸುಮಾರಿನದು. ಹೆಸರು ಕಲ್ಲಿನಲ್ಲಿ ಉಳಿಯಿತು, ನೀರು ಮಾತ್ರ ಪಾತಾಳಕ್ಕೆ ಇಳಿಯಿತು. 2007ರಲ್ಲಿ ಸುತ್ತಲಿನ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರಿದ ಮೇಲೂ ಈ ಕಡೆಯ ಮನೆಗಳು ಕೊಳವೆಬಾವಿ, ಟ್ಯಾಂಕರುಗಳನ್ನೇ ನೆಚ್ಚಿ ಬದುಕಿದವು. 2024ರ ಬೇಸಿಗೆಯ ಬರವನ್ನು ಇಲ್ಲಿನವರು ಮರೆತಿಲ್ಲ. ಆ ಹಳ್ಳಿಗಳಿಗಾಗಿಯೇ ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೂ ಸಂಪಿನಲ್ಲಿ ಬೆರೆಯುವುದು ಒಂದೇ ಬಗೆಯ ನೀರಲ್ಲ. ಕೊಳವೆಬಾವಿಯ ಗಡಸು ನೀರಿನ ಸುಣ್ಣದಂಶ ಸೋಪಿನೊಡನೆ ಸೇರಿ ಬಿಳಿಯ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಮೈಸೋಪಿನಿಂದ ತಲೆ ತೊಳೆಯುವುದನ್ನು ಇಲ್ಲಿ ಮೊದಲು ಬಿಡಬೇಕು. ಕೊನೆಯ ಒಂದೆರಡು ಚೊಂಬು ನೀರಾದರೂ ಮೆದು ನೀರಾಗಿದ್ದರೆ, ಅದಕ್ಕೊಂದು ಚಮಚ ವಿನೆಗರ್ ಸೇರಿಸಿದರೆ, ಆ ಗಸಿ ಬಹುಮಟ್ಟಿಗೆ ಬಿಡುತ್ತದೆ. ಎಷ್ಟೋ ಹುಡುಗಿಯರು ತಮ್ಮ ಕೂದಲಿನ ಹಣೆಬರಹ ಎಂದುಕೊಂಡಿರುವುದು ಅಸಲಿಗೆ ಟ್ಯಾಂಕರಿನ ನೀರು.

ಎರಡನೆಯದು ಎಣ್ಣೆ. ಚಳಿಗಾಲದ ಬೆಳಿಗ್ಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಒಲೆಯ ಪಕ್ಕ ಇಡುವುದು ನಮ್ಮೆಲ್ಲರ ಮನೆಯ ನೆನಪು. ತಲೆಗೆ ಸ್ನಾನ ಮಾಡುವ ಮೊದಲು ಎಣ್ಣೆ ಹಚ್ಚುವ ಆ ಪದ್ಧತಿಗೆ ಆಧಾರವಿದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳಿಗೆ ಆ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದನ್ನು ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೊ ಕಂಪೆನಿಯ ಸಂಶೋಧಕರು ಎಂಬುದನ್ನೂ ಓದುಗರು ತಿಳಿದಿರಬೇಕು. ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ, ಎಚ್ಚರದಿಂದ ಓದಬೇಕು ಅಷ್ಟೇ. ಆದರೆ ಸ್ನಾನದ ನಂತರ ಉಬ್ಬು ಅಡಗಿಸಲೆಂದು ಎಣ್ಣೆ ಸುರಿದು ಬೇಗೂರು ರಸ್ತೆಯ ಧೂಳಿನಲ್ಲಿ ಓಡಾಡುವ ಅಭ್ಯಾಸ ಒಳ್ಳೆಯದಲ್ಲ. ಅಲ್ಲಿ ಅಮ್ಮಿಯೊಡನೆ ನಮ್ಮ ಜಗಳ ಇದ್ದೇ ಇದೆ.

ಮೂರನೆಯದು ತೊಳೆಯುವ ಬಗೆ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಪ್ರಕೃತಿಯೇ ಇಟ್ಟ ನೊರೆಯಿದೆ. ಆದರೆ ಪುಡಿಯನ್ನು ಹಾಗೆಯೇ ತಲೆಗೆ ಹಾಕಿ ತಿಕ್ಕಿದರೆ ಅಲೆ ಕೂದಲಿನಲ್ಲಿ ತರಿ ಸಿಕ್ಕಿಕೊಂಡು ಹೆಂಚುಗಳನ್ನು ಕೆರೆಯುತ್ತದೆ. ಕುದಿಸಿ, ಸೋಸಿ, ತಿಳಿಯನ್ನಷ್ಟೇ ಬಳಸುವುದು ಮೇಲು. ಶಾಂಪೂ ಆದರೆ ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಚ್ಚಿದರೆ ಸಾಕು, ಹರಿದು ಬರುವ ನೊರೆಯೇ ಉದ್ದಕ್ಕೂ ತೊಳೆಯುತ್ತದೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆಹಾಕಿ ಬಟ್ಟೆ ಒಗೆದಂತೆ ತಿಕ್ಕಬಾರದು. ನಂತರದ ಕಂಡೀಷನರ್ ನೆತ್ತಿಗಲ್ಲ, ನಡುವಿನಿಂದ ತುದಿಯವರೆಗೆ. ಅಮ್ಮಿ ದಾಸವಾಳದ ಎಲೆ ಅರೆದು, ಮೆಂತ್ಯ ನೆನೆಸಿ ತೆಗೆಯುತ್ತಿದ್ದ ಲೋಳೆಯೂ, ಇಂದಿನ ಹುಡುಗಿಯರು ಅಗಸೆಬೀಜ ಕುದಿಸಿ ಮಾಡುವ ಜೆಲ್ಲೂ ಮಾಡುವ ಕೆಲಸ ಒಂದೇ. ಎಳೆಯ ಮೇಲೆ ತೆಳುವಾದ ಪೊರೆಯಾಗಿ ನಿಂತು, ಅಲೆಗಳನ್ನು ಗೊಂಚಲಾಗಿ ಹಿಡಿದಿಡುವುದು. ಅಜ್ಜಿಯ ಮದ್ದು, ಅಮೆರಿಕದ ವಿಧಾನ ಎಂದು ಜಗಳವಾಡುವವರು ಎರಡೂ ಬಟ್ಟಲುಗಳಲ್ಲಿ ಬೆರಳದ್ದಿ ನೋಡಲಿ.

ನಾಲ್ಕನೆಯದು ಬಾಚುವುದು, ಒಣಗಿಸುವುದು. ನೂರು ಸಲ ಬಾಚಿದರೆ ಕೂದಲು ಬೆಳೆಯುತ್ತದೆ ಎಂಬ ನಂಬಿಕೆಯಿಂದ ನಮ್ಮ ಬಾಲ್ಯದಲ್ಲಿ ಎಷ್ಟು ಕೂದಲು ಮುರಿದಿದೆಯೋ ಲೆಕ್ಕವಿಲ್ಲ. ಒಣಗಿದ ಅಲೆ ಕೂದಲನ್ನು ಬಾಚಿದರೆ ಗೊಂಚಲು ಒಡೆದು ಎಳೆಗಳು ಬೇರೆಬೇರೆಯಾಗುತ್ತವೆ, ಅದೇ ಉಬ್ಬು. ಕಂಡೀಷನರ್ ಅಥವಾ ಲೋಳೆ ಇರುವಾಗಲೇ ಬೆರಳಿನಿಂದ, ಇಲ್ಲವೇ ಅಗಲ ಹಲ್ಲಿನ ಮರದ ಹಣಿಗೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಟರ್ಕಿ ಟವೆಲಿನಿಂದ ಜಪ್ಪುವ ಬದಲು ಹಳೆಯ ಮೆದುವಾದ ದುಪಟ್ಟಾದಲ್ಲಿ ಒತ್ತಿ ನೀರು ಹೀರಿಸಬೇಕು. ಆಮೇಲೆ ಪೂರ್ತಿ ಒಣಗುವವರೆಗೆ ಕೈ ಹಾಕಬಾರದು. ನಮ್ಮ ಮನೆಯಲ್ಲಿ ಲೋಬಾನ, ಪಕ್ಕದ ಮನೆಯಲ್ಲಿ ಸಾಂಬ್ರಾಣಿ ಎನ್ನುವ ಅದೇ ಹೊಗೆಗೆ ಕೂದಲು ಹಿಡಿದು ಕೂರುತ್ತಿದ್ದ ಹೆಂಗಸರಿಗೆ ಈ ತಾಳ್ಮೆ ತಾನಾಗಿಯೇ ಬರುತ್ತಿತ್ತು. ಹೊಗೆಯ ಗುಣಕ್ಕಿಂತ ಸುಮ್ಮನೆ ಕೂರುವುದರ ಗುಣವೇ ಹೆಚ್ಚಿತ್ತು ಎಂದು ನಮ್ಮ ಅನಿಸಿಕೆ.

ಇನ್ನು ತಲೆ ಹೊದ್ದುಕೊಳ್ಳುವವರ ಮಾತು. ಸೌಂದರ್ಯ ಸಲಹೆಯ ಪುಟಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಫಜರ್ ಹೊತ್ತಿಗೆ ಸ್ನಾನ ಮಾಡಿ, ಒದ್ದೆ ಕೂದಲನ್ನೇ ಬಿಗಿಯಾಗಿ ಕಟ್ಟಿ, ಮೇಲೆ ನೈಲಾನಿನ ಒಳಟೋಪಿ ಹಾಕಿ, ಸ್ಕಾರ್ಫ್ ಸುತ್ತಿ ಎಲೆಕ್ಟ್ರಾನಿಕ್ ಸಿಟಿಯ ಬಸ್ಸು ಹತ್ತುವ ಹುಡುಗಿಯ ನೆತ್ತಿ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ವಾಸನೆ, ಹೊಟ್ಟು, ತುರಿಕೆ ಎಲ್ಲ ಅಲ್ಲಿಂದಲೇ. ದಿನವೂ ಒಂದೇ ಜಾಗದಲ್ಲಿ ಬಿಗಿದರೆ ಹಣೆಯಂಚಿನ ಕೂದಲು ಬುಡಸಮೇತ ಉದುರುತ್ತದೆ. ಹಿಂದಿನ ಸಂಜೆ ತೊಳೆದು ಒಣಗಿಸುವುದು, ಸಡಿಲ ಜಡೆ, ಒಳಗೆ ಸ್ಯಾಟಿನ್ ಇಲ್ಲವೇ ನುಣುಪು ಹತ್ತಿ, ಮನೆಗೆ ಬಂದೊಡನೆ ಬಿಚ್ಚಿ ಗಾಳಿಯಾಡಿಸುವುದು, ಇಷ್ಟು ಸಾಕು. ಇನ್ನೊಂದು ಸಣ್ಣ ಸಂಗತಿ: ವುಜೂ ಮಾಡುವಾಗ ದಿನಕ್ಕೆ ಐದು ಸಲ ಒದ್ದೆ ಕೈಯಿಂದ ತಲೆ ಸವರುತ್ತೇವೆ. ಮುಂಗೂದಲು ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುತ್ತದೆ. ನಮಾಜು ಮಾಡುವ ಹೆಂಗಸರ ಹಣೆಯ ಮೇಲೆ ಎಳೆಗಳು ಎದ್ದಿರುವುದಕ್ಕೆ ಇದೂ ಒಂದು ಕಾರಣ. ಕೂದಲು ಹೋಗುವ ದಿಕ್ಕಿಗೇ ಮೆಲ್ಲಗೆ ಸವರಿ ಹಾಗೆಯೇ ಒಣಗಲು ಬಿಟ್ಟರೆ ಮುಗಿಯಿತು.

ಈಗ ಆ ಸಲೂನಿನ ಟ್ರೀಟ್‌ಮೆಂಟಿಗೆ ಬರೋಣ. ಅದು ಆರೈಕೆಯಲ್ಲ, ತಿದ್ದುಪಡಿ. ಕೂದಲನ್ನು ಅದರ ಸ್ವಭಾವದಲ್ಲಿ ನೆಮ್ಮದಿಯಾಗಿಡುವ ಬದಲು ಇನ್ನೊಂದಾಗಿ ಮಾಡುವ ಕೆಲಸ. ಇಂಥ ಹಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಇಸ್ತ್ರಿಯ ಬಿಸಿಗೆ ಅದು ಹೊರಬರುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. 'ಫಾರ್ಮಾಲಿನ್ ಇಲ್ಲ' ಎಂಬ ಚೀಟಿ ಅಂಟಿಸಿದ ಕೆಲವು ದ್ರಾವಣಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. 2024ರಲ್ಲಿ ಫ್ರಾನ್ಸಿನ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 26 ವರ್ಷದ ಒಬ್ಬಳ ಪ್ರಕರಣವನ್ನು ವರದಿ ಮಾಡಿದರು. 2020, 2021, 2022ರಲ್ಲಿ ಮೂರು ಸಲ ಕೂದಲು ನೇರ ಮಾಡಿಸಿಕೊಂಡ ಅವಳಿಗೆ ಮೂರೂ ಸಲ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆ ಆಮ್ಲ ಚರ್ಮದ ಮೂಲಕ ಒಳಹೋಗಿ ಮೂತ್ರಪಿಂಡದಲ್ಲಿ ಹರಳುಗಟ್ಟಿಸುತ್ತದೆ ಎಂಬುದನ್ನು ಅವರು ಇಲಿಗಳ ಮೇಲಿನ ಪ್ರಯೋಗದಿಂದ ಸೂಚಿಸಿದರು. ಮಾಡಿಸಿಕೊಂಡವರೆಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಕೇಳುವ ಹಕ್ಕು ನಮಗಿದೆ. ಡಬ್ಬಿಯ ಹಿಂದೆ ಬರೆದ ಪಟ್ಟಿಯನ್ನು ಓದಿ ಹೇಳಲು ಒಪ್ಪದ ಸಲೂನಿನ ಕುರ್ಚಿಯಿಂದ ಎದ್ದು ಬರುವುದು ಬುದ್ಧಿವಂತಿಕೆ.

'ನಮ್ಮ ದೀನ್‌ನಲ್ಲಿ ಕೂದಲು ನೀಟಾಗಿಡಬೇಕೆಂದು ಇದೆಯಲ್ಲ' ಎಂದು ತಂಗಿ ನಡುವೆ ಒಂದು ವಾದ ಹೂಡಿದಳು. ಇದೆ, ನಿಜ. ಕೂದಲಿದ್ದವರು ಅದನ್ನು ಗೌರವಿಸಬೇಕು ಎಂಬ ಆಶಯದ ಹದೀಸ್ ಇದೆ. ಕೂದಲು ಕೆದರಿಕೊಂಡು ಬಂದವನೊಬ್ಬನನ್ನು ಕಂಡು, ಇವನಿಗೆ ಅದನ್ನು ಸರಿಮಾಡಿಕೊಳ್ಳಲು ಏನೂ ಸಿಗಲಿಲ್ಲವೇ ಎಂದು ಪ್ರವಾದಿ(ಸ)ಯವರು ಕೇಳಿದ ಪ್ರಸಂಗವೂ ಇದೆ. ಆದರೆ ದಿನವೂ ಬಾಚುವುದರಲ್ಲೇ ಮುಳುಗಬೇಡಿ, ದಿನ ಬಿಟ್ಟು ದಿನ ಸಾಕು ಎಂಬ ಮಿತಿಯ ಮಾತೂ ಅಲ್ಲೇ ಇದೆ. ಆಕ್ಷೇಪವಿರುವುದು ಅಲಕ್ಷ್ಯದ ಮೇಲೆ, ಅಲೆಯ ಮೇಲಲ್ಲ. ಯಾಕೆಂದರೆ ಪ್ರವಾದಿ(ಸ)ಯವರ ಕೂದಲನ್ನೇ ಅನಸ್(ರ)ರು ವರ್ಣಿಸಿರುವುದು ತೀರ ಸುರುಳಿಯೂ ಅಲ್ಲದ, ತೀರ ನೇರವೂ ಅಲ್ಲದ ಕೂದಲು ಎಂದು. ಅದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ? ಅಲೆ ಕೂದಲು ಎಂದಲ್ಲವೇ? ಈ ಮಾತು ಕೇಳಿ ತಂಗಿ ಸುಮ್ಮನಾದಳು. ಅಮ್ಮಿ ಮಾತ್ರ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ದರೂದ್ ಹೇಳಿದರು.

ಸಹೀಹ್ ಮುಸ್ಲಿಮ್‌ನಲ್ಲಿರುವ ಇನ್ನೆರಡು ಪ್ರಸಂಗಗಳು ನಮಗೆ ಬಹಳ ಮುಖ್ಯವೆನಿಸುತ್ತವೆ. ಬಿಗಿಯಾಗಿ ಜಡೆ ಹೆಣೆಯುತ್ತಿದ್ದ ಉಮ್ಮು ಸಲಮಾ(ರ)ರು, ಗುಸುಲ್ ಮಾಡುವಾಗ ಅದನ್ನು ಬಿಚ್ಚಲೇಬೇಕೆ ಎಂದು ಕೇಳುತ್ತಾರೆ. ಬೇಡ, ತಲೆಯ ಮೇಲೆ ಮೂರು ಬೊಗಸೆ ನೀರು ಸುರಿದುಕೊಂಡರೆ ಸಾಕು ಎಂಬ ಉತ್ತರ ಸಿಗುತ್ತದೆ. ಮುಂದೆ ಒಬ್ಬ ವಿದ್ವಾಂಸರು ಹೆಂಗಸರು ಜಡೆ ಬಿಚ್ಚಲೇಬೇಕೆಂದು ಅಪ್ಪಣೆ ಕೊಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಆಯಿಶಾ(ರ)ರು ರೇಗುತ್ತಾರೆ. ತಲೆಯನ್ನೇ ಬೋಳಿಸಿಕೊಳ್ಳಿರೆಂದು ಯಾಕೆ ಹೇಳಬಾರದು ಅವರು ಎಂದು ಕೇಳುತ್ತಾರೆ. ಉದ್ದ ಕೂದಲನ್ನು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಹೆಣೆಯುವ ಶ್ರಮ ಗೊತ್ತಿದ್ದವರಿಗೆ ಮಾತ್ರ ಬರುವ ಸಿಟ್ಟು ಅದು. ಹೆಣ್ಣಿನ ಕೂದಲಿನ ಮೇಲೆ ತೀರ್ಪು ಕೊಡುವವರಿಗೆ ಆ ಕೂದಲಿನ ಕೆಲಸ ಗೊತ್ತಿರುವುದಿಲ್ಲ ಎಂಬ ವಿಮರ್ಶೆಯನ್ನು ಅವರು ಅಂದೇ ಮಾಡಿದ್ದಾರೆ.

ನಮ್ಮ ಕಾಲದಲ್ಲೂ ಆದದ್ದು ಅದೇ. ಉಡುಪಿಯ ಒಂದು ಕಾಲೇಜಿನಿಂದ ಎದ್ದ ಹಿಜಾಬ್ ವಿವಾದದಲ್ಲಿ 2022ರ ಮಾರ್ಚ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು, ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ತಿಂಗಳುಗಳಲ್ಲಿ ನಮ್ಮ ಹುಡುಗಿಯರ ತಲೆಯ ಬಗ್ಗೆ ಮಾತಾಡದ ವಾಹಿನಿಯಿಲ್ಲ, ವೇದಿಕೆಯಿಲ್ಲ. ಮುಚ್ಚಬೇಕೆಂದು ಕೆಲವರು, ತೆರೆಯಬೇಕೆಂದು ಕೆಲವರು. ಆ ಬಟ್ಟೆಯ ಕೆಳಗೆ ಒಬ್ಬ ಹುಡುಗಿಯಿದ್ದಾಳೆ, ಅವಳಿಗೆ ಕೂದಲಿದೆ, ಅದು ಉಬ್ಬುತ್ತದೆ, ಉದುರುತ್ತದೆ, ಅದರ ಬಗ್ಗೆ ಅವಳಿಗೆ ಆಸೆಯೂ ಅಳುಕೂ ಇದೆ ಎಂಬುದು ಎರಡೂ ಕಡೆಯವರ ಲೆಕ್ಕಕ್ಕೆ ಬರಲಿಲ್ಲ. 'ಹೊದ್ದುಕೊಳ್ಳುವವಳಿಗೆ ಕೂದಲಿನ ಚಿಂತೆ ಯಾಕೆ?' ಎಂದು ಅಪರಿಚಿತರು ಕೇಳುತ್ತಾರೆ. ನಮ್ಮವರೂ ಅದನ್ನೇ ಕೇಳುತ್ತಾರೆ. ಪರರ ಕಣ್ಣಿಗೆ ಕಾಣದ್ದು ಅವಳದಾಗಿರಬಾರದೇ?

ಕಡೆಗೆ ಆ ಹುಡುಗಿ ಏನು ಮಾಡಿದಳು ಎಂದು ಓದುಗರು ಕೇಳಬಹುದು. ನಮ್ಮ ಉಪದೇಶಕ್ಕೆ ಮನಸೋತು ಅವಳು ಬದಲಾದಳೆಂದು ಬರೆದರೆ ಸುಳ್ಳಾಗುತ್ತದೆ. ಅವಳು ಸಲೂನಿಗೆ ಹೋದಳು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರಿಗೆ ನಡೆಯುತ್ತಿದ್ದ ಇಸ್ತ್ರಿಯ ಹೊಗೆಗೆ ಕಣ್ಣು ಉರಿದು ನೀರು ಸುರಿಯಿತಂತೆ. ದ್ರಾವಣದಲ್ಲಿ ಏನೇನಿದೆ ಎಂದು ಕೇಳಿದಳು, ಸರಿಯಾದ ಉತ್ತರ ಸಿಗಲಿಲ್ಲ, ಎದ್ದು ಬಂದಳು. ಮುಂದಿನ ಎರಡು ತಿಂಗಳು ನಾನಿಯ ಎಣ್ಣೆ, ತಾನೇ ತಂದ ಕಂಡೀಷನರ್, ಹಳೆಯ ದುಪಟ್ಟಾ, ಕೊನೆಗೆರಡು ಚೊಂಬು ಕಾವೇರಿ ನೀರು. ಕೂದಲು ನೇರವಾಗಲಿಲ್ಲ, ಉಬ್ಬು ಪೂರ್ತಿ ಹೋಗಲೂ ಇಲ್ಲ. ಅಲೆಗಳು ಮಾತ್ರ ಗೊಂಚಲುಗಟ್ಟಿ ನಿಂತವು. ಇನ್ನೊಂದು ಸಲ ಬೇಕೆನಿಸಿದರೆ ನೇರ ಮಾಡಿಸಿಕೊಂಡೇನು, ನೀವು ಅಡ್ಡಬರಬೇಡಿ ಎಂದು ನಮಗೆ ಹೇಳಿಯೂ ಇದ್ದಾಳೆ. ಆಗಲಿ, ಕೇಳಿ ತಿಳಿದುಕೊಂಡು ಮಾಡಲಿ.

ನಿಕಾಹ್‌ನ ದಿನ ಬೇಗೂರಿನಲ್ಲಿ ಸಣ್ಣಗೆ ಮಳೆ. ಕೆಂಪು ದುಪಟ್ಟಾದ ಅಂಚಿನಿಂದ ನಾಲ್ಕು ಎಳೆಗಳು ಹೊರಬಂದು ಹಣೆಯ ಮೇಲೆ ಕುಣಿಯುತ್ತಿದ್ದವು. ತಂಗಿ ಕೈಯಲ್ಲಿ ಪಿನ್ನು ಹಿಡಿದು ಮುಂದೆ ಬಂದಳು. 'ಇರಲಿ ಬಿಡು' ಎಂದರು ಅಮ್ಮಿ, 'ಮುಂಗುರುಳು'. ಉರ್ದು ಮನೆಮಾತಿನ ಅಮ್ಮಿಯ ಬಾಯಿಂದ ಆ ಕನ್ನಡ ಪದವನ್ನು ನಾವು ಅದೇ ಮೊದಲು ಕೇಳಿದ್ದು. ಆ ಹಳೆಯ ಕಥೆಯನ್ನು ಸಂಕಲನಕ್ಕೆ ಸೇರಿಸುವ ಮೊದಲು ಬಾಗಿಲಲ್ಲಿ ನಿಂತ ಹೆಣ್ಣಿನ ಸಾಲನ್ನು ತಿದ್ದಬೇಕೆಂದಿದ್ದೇವೆ. ಅವಳ ದುಃಖವನ್ನು ಹೇಳಲು ಬೇರೆ ದಾರಿ ಹುಡುಕಬೇಕು.